ತೆರವಾದ ಕೋಣೆ

ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಶಶಿಕಲಾ, ಮರುದಿನವೇ ಸೆರಗು ಸಿಕ್ಕಿಸಿ ತನ್ನ ಹಳೆಯ ಕೋಣೆಯನ್ನು ಒಪ್ಪಮಾಡಲು ನಿಂತಳು. ಅಲ್ಲೀಗ ಅವ್ವನ ಹಾಸಿಗೆ, ಸೀರೆಗಂಟು, ಗುಳಿಗೆ ಡಬ್ಬಿಗಳೇ ತುಂಬಿದ್ದವು.

"ಯವ್ವಾ, ಇವನ್ನೆಲ್ಲ ಅಪ್ಪನ ಖೋಲಿಗೆ ಒಯ್ಯಿ."

"ಒಂದು ಮೂಲ್ಯಾಗ ಇರ್ಲಿ ಬಿಡವಾ. ನಿನ್ನ ಕೂಡಾನ ಮಲಗತೀನಿ."

"ಮೂವತ್ತು ವರ್ಷ ಆತು, ಗಂಡನ ಕೂಡ ಮಲಗಾಕ ಇನ್ನೂ ಮದುಮಗಳಂಗ ನಾಚತಿಯೇನಬೇ?"

ಅವ್ವ ನಗಲಿಲ್ಲ. ಹಾಸಿಗೆ ಸುತ್ತಿ ಹೆಗಲಿಗೇರಿಸಿ, ಗಂಡನ ಕೋಣೆಯತ್ತ ಕಾಲೆಳೆಯುತ್ತ ಹೋದಳು. ಹೆತ್ತವಳನ್ನೇ ಎಬ್ಬಿಸಿದೆನಲ್ಲ ಎಂದು ಶಶಿಕಲಾಳಿಗೆ ಅನಿಸಿತು. ಆದರೂ ಕರೆಯಲಿಲ್ಲ, ಬಾಗಿಲ ಹಿಂದಿನ ಕಸ ಗುಡಿಸಲೆಂದು ಕದ ಮುಚ್ಚಿದಳು.

ಕದದ ಒಳಮೈಗೆ ಒಂದರ ಕೆಳಗೊಂದು ಮೂರು ಚಿಲಕಗಳಿದ್ದವು. ಅವಳು ಮದುವೆಯಾಗಿ ಹೋದಾಗ ಅಲ್ಲಿ ಒಂದೂ ಇರಲಿಲ್ಲ.