ಒಂದು ನಿಮಿಷ

ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರು ಆಗಷ್ಟೇ ಬಂದಿದ್ದ ಕಾಲ. ಅದಕ್ಕೆ ಪ್ರೋಗ್ರಾಂ ಬರೆಯುವುದನ್ನು ಜಲಜಾಕ್ಷಿ ಒಂದು ಹರಕು ಪುಸ್ತಕ ಇಟ್ಟುಕೊಂಡು ತಾನೇ ಕಲಿತಿದ್ದಳು. ಸೆಲ್ಲು ತೆಗೆದ ಒಂದು ನಿಮಿಷದೊಳಗೆ ಬೇರೆಯದನ್ನು ಹಾಕದಿದ್ದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆಂದು ತಿಳಿಯಲು ಎರಡು ತಿಂಗಳ ಕೆಲಸ ನೀರುಪಾಲಾಗಬೇಕಾಯಿತು.

ಲಸಿಕೆ ಹಾಕುವ ನರ್ಸುಗಳಿಗೆಂದು ಅವಳು ಬರೆದ ಪ್ರೋಗ್ರಾಂ ಇವತ್ತು ಮೇಲಧಿಕಾರಿಗಳ ಮುಂದೆ ಪ್ರದರ್ಶನವಾಗಬೇಕಿತ್ತು. ತೆರೆದು ನೋಡಿದರೆ ಪರದೆಯ ಮೇಲೆ ಮ್ಯಾನೇಜರರ ಹೆಸರೊಂದೇ ಇತ್ತು.

"ನನ್ನ ಹೆಸರಿತ್ತಲ್ಲ ಸರ್?"

"ಇಷ್ಟು ಚಿಕ್ಕ ಪರದೇಲಿ ಇಬ್ಬರ ಹೆಸರು ಎಲ್ಲಿ ಹಿಡಿಯುತ್ತಮ್ಮ? ನಿನ್ನ ಮೇಜಿನ ಕಂಪ್ಯೂಟರಲ್ಲಿದ್ದ ಕಾಪೀನೂ ಅಳಿಸಿದೀನಿ. ಇನ್ನು ಎಲ್ಲಾ ಇದರೊಳಗೇ ಇರೋದು."



ಮ್ಯಾನೇಜರು ಅಂಗೈ ಕಂಪ್ಯೂಟರಿನ ಹಿಂಬದಿಯ ಮುಚ್ಚಳ ತೆಗೆದು, ಹಳೆಯ ಸೆಲ್ಲುಗಳನ್ನು ಕಸದ ಬುಟ್ಟಿಗೆಸೆದರು. "ಮಧ್ಯದಲ್ಲಿ ಕೈ ಕೊಟ್ರೆ ನನ್ನ ಮರ್ಯಾದೆ ಹೋಗುತ್ತೆ. ಹೊಸಾ ಸೆಲ್ ಇದೆಯಾ?"

"ಅಂಗಡಿಯಿಂದ ತರ್ತೀನಿ ಸರ್."

"ನಿಧಾನಕ್ಕೆ ಬಾ. ಅವರು ಬರೋಕೆ ಇನ್ನೂ ಅರ್ಧ ಗಂಟೆ ಇದೆ."

ಅವಳು ವ್ಯಾನಿಟಿ ಬ್ಯಾಗನ್ನು ಹೆಗಲಿಗೇರಿಸಿ ನಿಧಾನಕ್ಕೇ ಮೆಟ್ಟಿಲಿಳಿದಳು. ಬೆಳಿಗ್ಗೆ ಕೊಂಡು ತಂದಿದ್ದ ಹೊಸ ಸೆಲ್ಲುಗಳು ಅದರೊಳಗೇ ಇದ್ದವು.