ನೆಲಕ್ಕಿಳಿಸುವ ಹೊತ್ತು

"ನಾಲ್ಕು ಮಂದಿನ ಕಳಸ್ರಿ. ಇಬ್ಬರ ಕೈಲೆ ಆಗಂಗಿಲ್ಲ," ಎಂದಳು ಶೈಲಜಾ ಫೋನಿನಲ್ಲಿ. "ಮೂರು ತಿಂಗಳಾತು. ಇನ್ನ ಕಾಯೋದು ಬ್ಯಾಡ, ಇವತ್ತ ಮುಗಿಸಿಬಿಡೋಣ."

ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ನೀಲಗಂಗಮ್ಮನ ಎದೆ ಧಸಕ್ಕೆಂದಿತು. ನಾಲ್ಕು ಮಂದಿ! ಎಪ್ಪತ್ತನಾಲ್ಕರ ಈ ಎಲುಬಿನ ಗೂಡನ್ನು ಎತ್ತಲು ಸೊಸೆ ಒಬ್ಬಳೇ ಸಾಕು, ದಿನಾ ಎತ್ತುತ್ತಾಳೆ. ನಾಲ್ಕು ಮಂದಿ ಸೇರಿ ಎತ್ತುವುದು ಮನುಷ್ಯನನ್ನು ಒಂದೇ ಸಲ.

ಕೂಗಿ ಕೇಳೋಣವೆಂದರೆ ನಾಲಿಗೆ ಏಳದು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಕಸಿದುಕೊಂಡಿತ್ತು. ಕಿವಿ ಚುರುಕಾಗಿಯೇ ಇತ್ತು, ಬುದ್ಧಿಯೂ. ಆದರೆ ಮಾತು ಹೋದವಳಿಗೆ ತಿಳಿವಳಿಕೆಯೂ ಹೋಗಿದೆಯೆಂದು ಕಂಪ್ಲಿಯ ಆ ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಅವಳಿಗೆ ಯಾರೂ ಏನನ್ನೂ ಹೇಳುತ್ತಿರಲಿಲ್ಲ. ಅವಳ ವಿಷಯವನ್ನೇ ಅವಳ ತಲೆಯ ಮೇಲಿಂದ ಮಾತಾಡಿಕೊಳ್ಳುತ್ತಿದ್ದರು.

ಬೆನ್ನಿಗೆ ಹುಣ್ಣಾದೀತು ಎಂದು ಡಾಕ್ಟರು ಹೆದರಿಸಿದ್ದಕ್ಕೆ ಶೈಲಜಾ ಲ್ಯಾಟೆಕ್ಸ್ ರಬ್ಬರಿನ ಗಾದಿ ಕೊಂಡಿದ್ದಳು. ಅತ್ತೆಯನ್ನು ಕಾರಿನಲ್ಲಿ ಹೊಸಪೇಟೆಗೆ ಕರೆದೊಯ್ದು, ಅಂಗಡಿಯಲ್ಲಿದ್ದ ಒಂದೊಂದರ ಮೇಲೂ ಮಲಗಿಸಿ ನೋಡಿದ್ದಳು. ಸ್ಪ್ರಿಂಗಿನದು ಕುಲುಕುತ್ತದೆ, ಫೋಮಿನದು ಸೆಕೆ, ನಾರಿನದು ಕಲ್ಲು. ಕೊನೆಗೆ ಇದನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿ, "ವಾಸನಿ ಹಿಡೀತೈತೇನ್ರಿ? ಎಷ್ಟು ವರ್ಷ ಬರ್ತೈತಿ?" ಎಂದು ಕೇಳಿದ್ದಳು. ಅಂಗಡಿಯವನು ಅವಳ ಕೈಗೊಂದು ಕಾರ್ಡು ಕೊಟ್ಟು ಆಚೆ ಕರೆದೊಯ್ದು ಏನೇನೋ ವಿವರಿಸಿದ. ನೀಲಗಂಗಮ್ಮನಿಗೆ ಕೇಳಿಸಿದ್ದು 'ಹತ್ತು ವರ್ಷ ಗ್ಯಾರಂಟಿ' ಎಂಬುದಷ್ಟೇ. ಹತ್ತು ವರ್ಷ ತಾನಂತೂ ಇರುವುದಿಲ್ಲ. ಹಾಗಾದರೆ ಗಾದಿ ಯಾರಿಗೆ?

ಗಾದಿಯೇನೋ ಹಾಯಾಗಿತ್ತು. ಅದರ ಮೇಲೆ ಮಲಗಿದ ಮೇಲೆ ಅವಳಿಗೆ ನಿದ್ದೆ ಬಂತು, ಹಸಿವಾಯಿತು, ಇನ್ನೂ ನಾಲ್ಕು ದಿನ ಬದುಕಬೇಕೆಂಬ ಆಸೆ ಬಂತು. ಹೆದರಿಕೆ ಬಂದದ್ದೂ ಅದರ ಮೇಲೆಯೇ. ಜೀವ ಹೋದ ಹಾಸಿಗೆ ಮನೆಯಲ್ಲಿ ಉಳಿಯುವಂತಿಲ್ಲ, ಊರ ಹೊರಗೆ ಹೋಗಬೇಕು. ಅದಕ್ಕೇ ಕೊನೆಯುಸಿರಿಗೆ ಮುಂಚೆ ನೆಲಕ್ಕಿಳಿಸುವುದು. ಹಿರಿಯರು ಇದಕ್ಕೆ ಪುಣ್ಯ, ಮುಕ್ತಿ ಎಂದೆಲ್ಲ ಹೇಳುತ್ತಾರೆ. ನೀಲಗಂಗಮ್ಮನಿಗೆ ಇನ್ನೊಂದು ಕಾರಣವೂ ಗೊತ್ತಿತ್ತು.

ನಲವತ್ತೈದು ವರ್ಷದ ಹಿಂದೆ ಅವಳ ಅತ್ತೆ ಜ್ವರದಲ್ಲಿ ಬಿದ್ದಾಗ ಮಲಗಿದ್ದು ನೀಲಗಂಗಮ್ಮನ ಗಾದಿಯ ಮೇಲೆ. ತವರಿನವರು ಪಿಂಜಾರನನ್ನು ಕೂರಿಸಿ ಹೊಸ ಅರಳೆ ತುಂಬಿಸಿ ಕೊಟ್ಟಿದ್ದ ಗಾದಿ. ಅದು ಹೊಲದ ಬದುವಿಗೆ ಬೀಳುವುದನ್ನು ಅವಳು ನೆನೆಸಿಕೊಳ್ಳಲೂ ಆರಳು. ಅತ್ತೆ ಗಂಜಿ ಕುಡಿದು ಕಣ್ಣು ಮುಚ್ಚಿದ್ದೇ ನೆಪ, "ಉಸಿರು ಮ್ಯಾಲಕ್ಕ ಹತ್ಯಾದ, ಇಳಿಸ್ರಿ" ಎಂದಳು. ಇಳಿಸಿದರು. ಪುಷ್ಯದ ಚಳಿ, ಬರೀ ಬಂಡೆಗಲ್ಲಿನ ನೆಲ. ಮುದುಕಿ ಎರಡು ದಿನ ಬದುಕಿದ್ದಳು. ಎರಡು ದಿನವೂ ಅವಳ ಕಣ್ಣು ಸೊಸೆಯ ಹಿಂದೆಯೇ ತಿರುಗುತ್ತಿತ್ತು. ಗಾದಿ ಉಳಿಯಿತು.

ಅಂಗಳದಲ್ಲಿ ಗಾಡಿ ನಿಂತ ಸದ್ದಾಯಿತು. ಮಗ ಹಂಪೇಶ್ ತನ್ನ ಅಕ್ಕಿ ಗಿರಣಿಯಿಂದ ನಾಲ್ವರು ಹಮಾಲರನ್ನು ಕರೆತಂದಿದ್ದ. ಅವನ ಹಿಂದೆಯೇ ತಾಯಕ್ಕ ಬಂದಳು. ಅವಳು ನೀಲಗಂಗಮ್ಮನ ಗಂಡನ ತಂಗಿ, ಆ ಮುದುಕಿಯ ಮಗಳು. ಅವ್ವ ಸತ್ತಾಗ ಹನ್ನೆರಡರ ಹುಡುಗಿ. "ನಮ್ಮವ್ವನ್ನ ಅತ್ತಿಗಿ ಕೊನೀತನಕ ನೋಡ್ಕೊಂಡ್ಳು" ಎಂದು ಊರಿಗೆಲ್ಲ ಹೇಳುತ್ತ, ಈಗ ದಿನಾ ಬಂದು ಅತ್ತಿಗೆಯ ಕಾಲು ಒತ್ತುತ್ತಾಳೆ.

"ಅವ್ರನ್ನ ನೆಲಕ್ಕ ಇಳಸೋದು ಬ್ಯಾಡವ್ವಾ ಶೈಲಜಾ, ನೋಡಿದವ್ರು ಏನಂದಾರು?" ಎಂದಳು ತಾಯಕ್ಕ ಬಾಗಿಲಲ್ಲಿ.

"ಅರ್ಧ ತಾಸಿನ ಮಾತು, ತಾಯಕ್ಕತ್ತಿ. ಆಮ್ಯಾಲ ಅವ್ರಿಗೂ ಆರಾಮ, ನಮಗೂ ಆರಾಮ."

ಅರ್ಧ ತಾಸು! ಲೆಕ್ಕ ಹಾಕಿಯೇ ಇಟ್ಟಿದ್ದಾರೆ. ನೀಲಗಂಗಮ್ಮ ಎಡಗೈಯಿಂದ ಗಾದಿಯ ಅಂಚನ್ನು ಹಿಡಿದುಕೊಂಡಳು. ಸೊಸೆ ಬಂದು ಒಂದೊಂದೇ ಬೆರಳು ಬಿಡಿಸಿದಳು. ಇಬ್ಬರು ಹಮಾಲರು ಚಾದರದ ಸಮೇತ ಎತ್ತಿ, ಪಡಸಾಲೆಗೆ ತಂದು, ಚಾಪೆಯ ಮೇಲೆ ಮಲಗಿಸಿದರು. ಚಾಪೆಯಡಿಯ ಕಲ್ಲು ಬೆನ್ನಿಗೆ ಒತ್ತಿತು. ಹಮಾಲರು ಕೋಣೆಗೆ ಮರಳಿದರು. ಬಾಗಿಲು ಮುಚ್ಚಿಕೊಂಡಿತು.

ತಾಯಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಗೆ ವಿಭೂತಿ ಹಚ್ಚಿದಳು. "ಬೆವರಾಕ ಹತ್ಯಾಳ ಪಾಪ," ಎಂದು ಚಮಚೆಯಿಂದ ಬಾಯಿಗೆ ನೀರು ಬಿಟ್ಟಳು. ಆ ದಿನ ಅತ್ತೆಯ ಬಾಯಿಗೂ ಹೀಗೆಯೇ ನೀರು ಬಿಟ್ಟಿದ್ದರು. ಶೈಲಜಾ ಗೋಡೆಯ ಗಡಿಯಾರ ನೋಡಿದಳು. ಹಂಪೇಶ್ ತಾಯಿಯ ಕಡೆ ನೋಡದೆ ಕೋಣೆಯ ಬಾಗಿಲನ್ನೇ ನೋಡುತ್ತಿದ್ದ.

ಸಾಯಬಾರದು, ಹೀಗಂತೂ ಸಾಯಬಾರದು. ನೀಲಗಂಗಮ್ಮ ಚಮಚೆಯಿಂದ ಮುಖ ತಿರುಗಿಸಿದಳು. ನೀರು ಕಟವಾಯಿಯಿಂದ ಸುರಿಯಿತು.

"ಬ್ಯಾ... ಬ್ಯಾಡ!"

"ಅವ್ವ ಮಾತಾಡಿದ್ಳು!" ಹಂಪೇಶ್ ಕುಣಿದಾಡುವುದೊಂದು ಬಾಕಿ. "ಅವ್ವಾ, ಇನ್ನೊಮ್ಮಿ ಅನ್ನು!"

ಅವಳು ಮಗನನ್ನು ನೋಡಲಿಲ್ಲ. ಅವಳ ಕಣ್ಣು ತಾಯಕ್ಕನ ಮೇಲಿತ್ತು. ಮಾತುಗಳು ಒಂದೊಂದಾಗಿ ಕಿತ್ತುಕೊಂಡು ಬಂದವು.

"ನಿಮ್ಮವ್ವಗ... ಇನ್ನಾ ಜೀವ ಇತ್ತು. ಗಾದಿ ಉಳಸಾಕ... ನಾನ ಇಳಿಸಿದ್ದೆ. ಎರಡು ದಿನ... ನನ್ನ ನೋಡಿಕೋತ ಸತ್ಲು. ನನಗ... ಹಂಗ ಮಾಡಬ್ಯಾಡ್ರಿ."

ತಾಯಕ್ಕನ ಮುಖ ಬಿಳಿಚಿಕೊಂಡಿತು. ಅವಳು ಅತ್ತಿಗೆಯ ತಲೆಯನ್ನು ತೊಡೆಯಿಂದ ಮೆಲ್ಲಗೆ ಚಾಪೆಯ ಮೇಲೆ ಇಳಿಸಿ ಎದ್ದು ನಿಂತಳು.

ಕೋಣೆಯ ಬಾಗಿಲು ತೆರೆಯಿತು. ಹಮಾಲನೊಬ್ಬ ಮುಖ ಒರೆಸಿಕೊಳ್ಳುತ್ತ ಹೊರಬಂದ. "ಭಾಳ ತೂಕ ಐತ್ರಿ ಅಕ್ಕಾರ. ಆ ಕಾರ್ಡಿನ್ಯಾಗ ಬರದಂಗ ಗಾದಿ ತಲಿ ಕಡೀದನ್ನ ಕಾಲ ಕಡಿಗಿ ತಿರುವಿ ಹಾಕೀವಿ, ಇನ್ನ ಮೂರು ತಿಂಗಳು ಚಿಂತಿಲ್ಲ. ದೊಡ್ಡಮ್ಮಾರನ್ನ ಮತ್ತ ಗಾದಿ ಮ್ಯಾಲ ಮಲಗಸೋಣೇನ್ರಿ?"