ಫಿಲ್ಟರ್ ನೀರು ಕುಡಿದ ಹೃದಯ

ನಮ್ಮ ಓಣಿಯಲ್ಲಿ ಎಲ್ಲರೂ ಹೃದಯವನ್ನು ಮನೆಯಲ್ಲೇ ಬೆಳೆಸುತ್ತಾರೆ. ತಂಗಿ ನೀಲವ್ವನಿಗೆಂದು ನಾನೂ ಗಾಜಿನ ಬೋಗುಣಿಯಲ್ಲಿ ಒಂದನ್ನು ಬೆಳೆಸಿದ್ದೆ. ನಾಳೆ ಆಪರೇಶನ್ ಎನ್ನುವಾಗ ಅದು ಬಡಿಯುವುದನ್ನೇ ನಿಲ್ಲಿಸಿತು. ಮೀಟರು ಹಚ್ಚಿ ನೋಡಿದರೆ ಹೃದಯದೊಳಗೆ ಕರೆಂಟು ಸರಿಯಾಗಿಯೇ ಹರಿಯುತ್ತಿತ್ತು.

ನೆರೆಮನೆಯ ಫಕೀರವ್ವ ಬಗ್ಗಿ ನೋಡಿದಳು. “ಯಕ್ಕಾ, ಯಾವ ನೀರು ಹಾಕೀದಿ?”

“ಫಿಲ್ಟರ್ ನೀರು. ಶುದ್ಧ ಇರಲಿ ಅಂತ.”

“ಸಾಲಿ ಕಲತು ಇದ್ದ ಬುದ್ಧೀನೂ ಕಳಕೊಂಡಿ! ಸುಣ್ಣ ಇಲ್ಲದ ಎಲಿ-ಅಡಕಿ ಕೆಂಪಾಗತೈತೇನು?”

ಸುಣ್ಣದ ಕ್ಯಾಲ್ಸಿಯಂ ಇಲ್ಲದಿದ್ದರೆ ಕರೆಂಟು ಬಂದರೂ ಹೃದಯ ಹಿಂಡಿಕೊಳ್ಳದು ಎಂದು ರಾತ್ರಿ ಶಾಲೆಯ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವಳು ನಾನೇ. ಕೊಡಕ್ಕೆ ಸುಣ್ಣ ಕಟ್ಟಿಸುವ ಬೋರಿನ ನೀರನ್ನು ಸುರಿದೆ. ಹೃದಯ ಒಮ್ಮೆ ಹಿಂಡಿಕೊಂಡಿತು, ಆಮೇಲೆ ನಿಲ್ಲದೆ ಬಡಿಯತೊಡಗಿತು.

“ನೀಲವ್ವಗ ಹೇಳಬ್ಯಾಡ ಮಾರಾಯ್ತಿ.”

“ನಾ ಯಾಕ ಹೇಳಲಿ? ನಾಳೆ ಆಕಿ ಎದಿಯಾಗ ಕುಂತು ಅದ ಹೇಳತೈತಿ.”